ಫ್ರೈಬುರ್ಗಿನ ಡಾಕ್ಟರು ಮನೆಗೆ ಬನ್ನಿ ಅಂದಿದ್ದರು

ಅಮೆರಿಕದ ಹಾಗೆ ತಾನೂ ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ಕಂಪ್ಯೂಟರ್ ಕೆಲಸದವರನ್ನು ಕರೆದ ಕಾಲದಲ್ಲಿ ನಾವೂ ಗದಗಿನಿಂದ ಮ್ಯೂನಿಕ್‌ಗೆ ಬಂದಿದ್ದೆವು. ಮೂರನೆಯ ವರ್ಷ ನನ್ನ ಗಂಡನ ಕಂಪನಿ ಜನರನ್ನು ಮನೆಗೆ ಕಳಿಸತೊಡಗಿತು. ಚಳಿಗಾಲ ಮುಗಿಯುವಷ್ಟರಲ್ಲಿ ಇವರಿಗೂ ನೋಟಿಸ್ ಬಂತು. ಕೆಲಸವಿಲ್ಲದೆ ವೀಸಾ ಇಲ್ಲ, ಬೇಸಿಗೆ ಕಳೆದರೆ ಊರಿಗೆ ಗಂಟುಮೂಟೆ ಕಟ್ಟಬೇಕು. ಮನೆಗೆ ಸೂತಕ ಹೊಕ್ಕಂತಾಯಿತು. ಕೆಲಸ ಹೋದರೆ ಹೋಗಲಿ, ಇವರು ಬಾಯಿ ಬಿಡುವುದೇ ಅಪರೂಪವಾಗಿ ನನಗೆ ರೇಗುತ್ತಿತ್ತು.

ಎರಡನೆಯ ಕ್ಲಾಸಿನಲ್ಲಿದ್ದ ಮಗಳಿಗೆ ಇದ್ಯಾವುದೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದೆವು. ಅವಳ ಚಿಂತೆಯೇ ಬೇರೆ. ಪ್ರತಿ ರಜೆ ಮುಗಿದ ಮೇಲೆ ಟೀಚರು ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಿದ್ದರು. ಉಳಿದವರು ಸಮುದ್ರ, ಬೆಟ್ಟ, ಹಡಗು ಎನ್ನುವಾಗ ನಮ್ಮವಳು ಪ್ರತಿ ಸಲ ಮನೆಯಲ್ಲಿದ್ದೆ ಎನ್ನಬೇಕು. ನಾವೇನು ಬಡವರಾ ಎಂದು ಒಂದು ದಿನ ಜರ್ಮನ್‌ನಲ್ಲೇ ಕೇಳಿದಳು. ದೇಶ ಬಿಡುವ ಮುನ್ನ ಒಂದು ರಜೆಯನ್ನಾದರೂ ಅವಳು ಹೇಳಿಕೊಳ್ಳುವ ಹಾಗೆ ಕಳೆಯಬೇಕೆಂದು ನಾನು ಹಟ ಹಿಡಿದೆ.

ಫ್ರೈಬುರ್ಗನ್ನು ಆರಿಸಿದೆವು. ಅಲ್ಲಿ ಟ್ರಾಮ್ ಹತ್ತಿದರೆ ಕಾಡಿನ ಹತ್ತಿರವೇ ಇಳಿಸುತ್ತದಂತೆ, ಬೀದಿಯ ಅಂಚಿನಲ್ಲೇ ಪುಟ್ಟ ಕಾಲುವೆಗಳು ಹರಿಯುತ್ತವಂತೆ. ಯಾವ ಊರಿಗೆ ಹೊರಟರೂ ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ಮೊದಲು ವಿಚಾರಿಸುವ ಜನ ನಾವು. ಯುಗಾದಿ ಕೂಟದಲ್ಲಿ ಪರಿಚಯವಾಗಿದ್ದ, ನಮ್ಮ ಕಡೆಯವರೇ ಆದ ಒಬ್ಬ ಹಿರಿಯ ಡಾಕ್ಟರು ಅಲ್ಲಿದ್ದರು. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪ್ಫಿಂಗ್‌ಸ್ಟನ್ ಹಬ್ಬದ ರಜೆಗೆ ಆ ಕಡೆ ಬರುತ್ತೇವೆಂದು ಇವರು ಫೋನ್ ಮಾಡಿದರು.

"ಬರ್ರಿ, ಬರ್ರಿ. ಮನೀಗೆ ಬರಲಾರದ ಹೋಗಬ್ಯಾಡ್ರಿ ಮತ್ತ," ಎಂದರು ಡಾಕ್ಟರು.

ಅಷ್ಟು ಸಾಕಲ್ಲ! ನಮ್ಮ ಕಡೆ ಹಾಗೆಂದರೆ ಹಾಸಿಗೆ ಹಾಸಿಟ್ಟಂತೆಯೇ. ಹೋಟೆಲಿನ ಮಾತು ಎತ್ತಿದರೆ ಅವರಿಗೆ ಬೇಜಾರಾದೀತು ಎಂದುಕೊಂಡೆವು. ಆಮೇಲೆ ಸಂಜೆಯಾದರೆ ಅಪ್ಪ, ಮಗಳು ನಕ್ಷೆ ಹರಡಿಕೊಂಡು ಕೂರುತ್ತಿದ್ದರು. ಇವರ ದನಿ ಮನೆಯಲ್ಲಿ ಮತ್ತೆ ಕೇಳಿಸಿತು. ನಾನು ಊರಿಂದ ಬಂದಿದ್ದ ಜೋಳದ ಹಿಟ್ಟನ್ನೆಲ್ಲ ಸುರಿದು ಖಡಕ್ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ?

ಯಾವ ರೈಲಿಗೆ ಬರುತ್ತೇವೆಂದು ತಿಳಿಸಲು ಇವರು ಹೊರಡುವ ಹಿಂದಿನ ದಿನ ಮತ್ತೆ ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ ಕಾಫಿಗೆ ಕಾಯುತ್ತೇವೆ ಎಂದು ಡಾಕ್ಟರು ಪ್ರೀತಿಯಿಂದಲೇ ಹೇಳಿದರಂತೆ. ಯಾವ ಹೋಟೆಲಿನಲ್ಲಿ ಇಳಿಯುತ್ತೀರಿ ಎಂದೂ ಕೇಳಿದರಂತೆ. ಇವರು ಬಾಯಿಗೆ ಬಂದ ಒಂದು ಹೆಸರು ತೊದಲಿ ಫೋನ್ ಇಟ್ಟರು. ಡಾಕ್ಟರದ್ದೇನೂ ತಪ್ಪಿಲ್ಲ, ಅರ್ಧ ಆಯುಷ್ಯ ಜರ್ಮನಿಯಲ್ಲೇ ಕಳೆದವರು, ಅಲ್ಲಿ ಮನೆಗೆ ಬನ್ನಿ ಅಂದರೆ ಕಾಫಿಗೆ ಬನ್ನಿ ಎಂದಷ್ಟೇ. ಈಗ ಹೀಗೆ ಬರೆಯುತ್ತೇನೆ, ಅವತ್ತು ಮಾತ್ರ ಹಿಡಿಶಾಪ ಹಾಕಿದ್ದೆ.

ಹಬ್ಬದ ರಜೆ. ಎಷ್ಟು ಕಡೆ ಫೋನ್ ಮಾಡಿದರೂ ಕೋಣೆ ಖಾಲಿ ಇಲ್ಲ. ಬೇರೆ ಊರಿಗಾದರೂ ಹೋಗೋಣ ಎಂದೆ.

"ಸಾಕು ಬಿಡು. ಎಲ್ಲಿ ಹೋದ್ರೂ ನಮಗ ಜಾಗ ಇಲ್ಲ," ಎಂದು ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರಜೆಯಿಡೀ ಆ ರೊಟ್ಟಿಯನ್ನು ನಾವೇ ತಿಂದೆವು. ಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು.

ಶಾಲೆ ಶುರುವಾದ ಮೇಲೆ ಒಂದು ದಿನ ಟೀಚರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. ಫ್ರೈಬುರ್ಗಿಗೆ ಹೋಗಿ ಬಂದದ್ದನ್ನು ನಿಮ್ಮ ಮಗಳು ಎಷ್ಟು ಚೆಂದ ಹೇಳಿದಳು ಎಂದರು. ನನಗೆ ನೆಲ ಬಿರಿದು ಒಳಗೆ ಸೇರಿಕೊಳ್ಳಬಾರದೇ ಅನಿಸಿತು. ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು ಎಂದು ಅವರು ಕೇಳಿದ್ದಕ್ಕೆ, ಅಲ್ಲಿ ನಮ್ಮಪ್ಪ ದಿನವಿಡೀ ನಗುತ್ತಿದ್ದರು ಎಂದಳಂತೆ.

ಹೌದು, ತುಂಬಾ ನಕ್ಕರು ಎಂದೆ ನಾನು.