ಭಾವ ಬಿಡದ ಚೆಂಡು

ನಮ್ಮ ಭಾವನ ಹಣೆಯ ನಟ್ಟನಡುವೆ ಅವರೆಕಾಳಿನಷ್ಟು ದಪ್ಪದ ಒಂದು ಗಂಟಿತ್ತು. ಹುಟ್ಟಿನಿಂದ ಬಂದದ್ದಲ್ಲ. ಸೇಲಂನ ನೂಲಿನ ಮಿಲ್ಲಿನವರು ಕೆಲಸದವರಿಗೆಂದು ಕಟ್ಟಿಸಿದ್ದ ಲೈನ್ ಮನೆಗಳ ಬಾಗಿಲು ಕೊಟ್ಟ ಬಹುಮಾನ ಅದು. ಆ ಬಾಗಿಲುಗಳನ್ನು ಸಾಧಾರಣ ಆಳಿನ ಅಳತೆಗೆ ಇಟ್ಟಿದ್ದರು. ಭಾವ ಆರಡಿ ದಾಟಿ ಇನ್ನೂ ನಾಲ್ಕು ಅಂಗುಲ ಇದ್ದರು. ಒಳಗೆ ಹೋಗುವಾಗ ನೆನಪಿಟ್ಟುಕೊಂಡು ಬಗ್ಗುವರು, ಹೊರಗೆ ಬರುವಾಗ ಮರೆಯುವರು. ತಲೆ ತಗುಲಿದ ಸದ್ದು ಕೇಳಿದರೆ ನಮ್ಮಕ್ಕ ಒಲೆಯ ಮುಂದಿನಿಂದ ಏಳದೆಯೇ, "ಬಾಗ್ಲು ಐತಾ, ಓಯ್ತಾ?" ಎಂದು ಕೇಳುತ್ತಿದ್ದಳು. ಭಾವ ಹಣೆ ಉಜ್ಜಿಕೊಂಡು, "ಐತೆ, ಐತೆ" ಎನ್ನುತ್ತ ಮೈದಾನಕ್ಕೆ ಹೊರಡುತ್ತಿದ್ದರು.

ಆ ಎತ್ತರವೇ ಅವರಿಗೆ ಅನ್ನ ಕೊಟ್ಟಿತ್ತು. ಅವರದು ನಲ್ಲಂಪಳ್ಳಿಯ ಹತ್ತಿರದ, ಕನ್ನಡ ಮಾತಾಡುವ ಹಳ್ಳಿ. ಹುಣಸೆಹಣ್ಣಿನ ಗಾಡಿ ಹೊಡೆದುಕೊಂಡು ಸೇಲಂನ ಮಂಡಿಗೆ ಬಂದಿದ್ದಾಗ, ನೆಲದ ಮೇಲೆ ನಿಂತೇ ಅಟ್ಟದಲ್ಲಿದ್ದವನ ಕೈಗೆ ಮೂಟೆ ಎತ್ತಿ ಕೊಡುತ್ತಿದ್ದರಂತೆ. ಮಿಲ್ಲಿನ ಡ್ರಿಲ್ ಮಾಸ್ಟರ್ ಅದನ್ನು ಕಂಡು, "ಏಂಪಾ, ಎಗಿರುವಿಯಾ?" ಎಂದು ತಮಿಳಿನಲ್ಲಿ ಕೇಳಿದರಂತೆ. ಯಾಕೆ ಎಗರಬೇಕು, ಎಲ್ಲಿಗೆ ಎಗರಬೇಕು ಎಂದು ಒಂದನ್ನೂ ಕೇಳದೆ ಭಾವ ಅಲ್ಲೇ ಎಗರಿ ಮಂಡಿಯ ತೊಲೆ ಮುಟ್ಟಿದರಂತೆ. ಮುಂದಿನ ವಾರ ಅವರು ಮಿಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದರು.

ಆಗ ಮಿಲ್ಲಿನ ಧಣಿಗಳಿಗೆ ಆಟದ ಹುಚ್ಚು. ಸೇಲಂನವರು ಕೋಯಮತ್ತೂರಿನವರನ್ನು ನೂಲಿನಲ್ಲಿ ಸೋಲಿಸಲಾಗದಿದ್ದರೆ ಮೈದಾನದಲ್ಲಾದರೂ ಸೋಲಿಸಬೇಕು ಎಂಬ ಹಟ. ಅದಕ್ಕೆಂದೇ ನಮ್ಮಂಥ ಹತ್ತು ಜನರನ್ನು ಸಾಕಿದ್ದರು. ಹೆಸರಿಗೆ ಕೂಲಿಯವರು, ಕೆಲಸ ಆಟ. ಬೆಳಿಗ್ಗೆ ಸ್ವಲ್ಪ ಹೊತ್ತು ನೂಲಿನ ಕಟ್ಟು ಎತ್ತಿಟ್ಟು ಮಧ್ಯಾಹ್ನದಿಂದ ಮೈದಾನಕ್ಕೆ ಇಳಿದರೆ ಆಯಿತು. ತಂಡದಲ್ಲಿ ಇರುವವರೆಗೆ ಸಂಬಳ, ಲೈನಿನಲ್ಲಿ ಮನೆ. ತಂಡದಿಂದ ತೆಗೆದರೆ ಎರಡೂ ಹೋಯಿತು.

ಅಪ್ಪ ಅವ್ವ ಇಬ್ಬರೂ ಒಂದೇ ವರ್ಷ ಹೋದ ಮೇಲೆ ನನಗೆ ಅಕ್ಕ, ಅಕ್ಕನಿಗೆ ನಾನು, ಅಷ್ಟೆ. ಹದಿನೆಂಟು ತುಂಬಿದ ಮೇಲೆ ಕೆಲಸ ಹುಡುಕಿಕೊಂಡು ಅಕ್ಕನ ಮನೆಗೆ ಬಂದೆ. ಭಾವ ನನ್ನ ಹೆಗಲ ಮೇಲೆ ಕೈ ಹಾಕಿ ಡ್ರಿಲ್ ಮಾಸ್ಟರ ಮುಂದೆ ನಿಲ್ಲಿಸಿ, "ನಮ್ ಬಾಮೈದ ಸಾರ್. ಚೆನ್ನಾಗ್ ಓಡ್ತಾನೆ. ಚೆಂಡು ನಾನ್ ಕೊಡ್ತೀನಿ, ಆಕೋದು ಇವನು" ಎಂದರು. ಮಾಸ್ಟರಿಗೆ ಕನ್ನಡ ಅರ್ಥವಾಯಿತೋ ಇಲ್ಲವೋ. ನನ್ನ ಕಾಲು ನೋಡಿ ಸೇರಿಸಿಕೊಂಡರು.

ಅಂದಿನ ಆಟ ಇಂದಿನಂತಿರಲಿಲ್ಲ. ಒಂದು ಸಲ ಚೆಂಡು ಬುಟ್ಟಿಗೆ ಬಿದ್ದರೆ ಆಟ ಮತ್ತೆ ಮೈದಾನದ ನಡುವಿನಿಂದ ಶುರುವಾಗಬೇಕಿತ್ತು. ಎರಡು ಕಡೆಯ ಎತ್ತರದ ಆಳುಗಳು ಎದುರುಬದುರು ನಿಲ್ಲುವರು. ರೆಫರಿ ಅವರ ನಡುವೆ ಚೆಂಡನ್ನು ಮೇಲಕ್ಕೆ ಎಸೆಯುವನು. ಎಗರಿ ಅದನ್ನು ತನ್ನವರ ಕಡೆಗೆ ತಟ್ಟಿದವನ ತಂಡಕ್ಕೆ ಚೆಂಡು. ಒಂದು ಪಂದ್ಯದಲ್ಲಿ ಇಪ್ಪತ್ತು ಸಲ ಬುಟ್ಟಿಗೆ ಬಿದ್ದರೆ ಇಪ್ಪತ್ತು ಸಲವೂ ಹೀಗೆ ಎಗರಬೇಕು. ಭಾವನ ಕೆಲಸ ಅದೇ. ಅವರ ಬೆರಳ ತುದಿಗೆ ಸಿಕ್ಕ ಚೆಂಡು ನೇರ ನನ್ನ ಬಲಭುಜದ ಹತ್ತಿರ ಬಂದು ಬೀಳುತ್ತಿತ್ತು. ನಾನು ಹಿಡಿದು ಓಡಿ ಬುಟ್ಟಿಗೆ ಹಾಕುತ್ತಿದ್ದೆ. ಜನ ನನ್ನ ಹೆಸರು ಕೂಗುತ್ತಿದ್ದರು.

ಚೆಂಡು ಯಾವ ಕಡೆ ಬರುತ್ತದೆಂದು ಭಾವ ಕನ್ನಡದಲ್ಲೇ ಕೂಗಿ ಹೇಳುವರು: "ಎಡಕ್ಕೆ ಬತ್ತೈತೆ ಲಾ!" ಕೋಯಮತ್ತೂರಿನ ತಂಡದಲ್ಲಿ ನೇಕಾರರ ಮನೆಯ ಕನ್ನಡದವನೊಬ್ಬನಿದ್ದ. ಅವನು ಎರಡು ಸಲ ಎಡಕ್ಕೇ ಓಡಿ ಬಂದು ಚೆಂಡು ಕಸಿದ. ಅಂದಿನಿಂದ ಭಾವ ಎಡ ಎಂದರೆ ಬಲ, ಬಲ ಎಂದರೆ ಎಡ ಎಂದು ನಮ್ಮಲ್ಲಿ ಒಪ್ಪಂದವಾಯಿತು. ಮೂರನೆಯ ಪಂದ್ಯದಲ್ಲಿ ಭಾವ ಒಪ್ಪಂದ ಮರೆತು ನಿಜವನ್ನೇ ಕೂಗಿಬಿಟ್ಟರು. ನಾನೊಂದು ಕಡೆ ಓಡಿದೆ, ಚೆಂಡು ಇನ್ನೊಂದು ಕಡೆ ಬಿತ್ತು. ಲೈನಿನ ಮನೆಗಳಲ್ಲಿ ಅದನ್ನು ಹೇಳಿಕೊಂಡು ಒಂದು ತಿಂಗಳು ನಕ್ಕರು.

ದೇವರಂಥ ಮನುಷ್ಯ ಎಂದು ಬರೆದರೆ ಸುಳ್ಳಾಗುತ್ತದೆ. ತಮ್ಮ ಎಗರುವಿಕೆಯ ಬಗ್ಗೆ ಅವರಿಗೆ ಸಾಕಷ್ಟು ಜಂಬವಿತ್ತು. ಮನೆಗೆ ಬಂದ ನೆಂಟರಿಗೆ ತೊಲೆ ಮುಟ್ಟಿ ತೋರಿಸುವರು. ಅಕ್ಕನಿಗೆ ಗೊತ್ತಾಗದಂತೆ ಕಾಫಿ ಕ್ಲಬ್ಬಿಗೆ ಹೋಗಿ ಎರಡು ಲೋಟ ಕಾಫಿ ಕುಡಿದು, ಮನೆಗೆ ಬಂದು ಮೀಸೆ ಒರೆಸಿಕೊಳ್ಳದೆ ಸಿಕ್ಕಿಬೀಳುವರು. ಬುಟ್ಟಿಗೆ ಚೆಂಡು ಹಾಕುವುದಂತೂ ಅವರಿಗೆ ಬರುತ್ತಿರಲೇ ಇಲ್ಲ. ದೂರದಿಂದ ಎಸೆದರೆ ಕಾಂಪೌಂಡಿನ ಆಚೆ ಹೋಗಿ ಬೀಳುತ್ತಿತ್ತು. ಬುಟ್ಟಿಯ ಕೆಳಗೇ ನಿಂತಿದ್ದರೆ ಮಾತ್ರ ಕೈ ಚಾಚಿ ಇಟ್ಟುಬಿಡಬಲ್ಲರು.

ಆದರೆ ನಾನು ಗುಂಪಿಗೆ ನುಗ್ಗಿ ಒಬ್ಬನೇ ಹಾಕಲು ಹೋದಾಗ ಅವರು ಒಂದು ಮಾತು ಹೇಳುತ್ತಿದ್ದರು: "ಬುಟ್ಟಿ ಎಲ್ಲೂ ಓಗಲ್ಲ ಲಾ. ನಮ್ಮೋನು ಎಲ್ಲವ್ನೆ ಅಂತ ನೋಡು." ನಾನು ಹೂಂ ಎನ್ನುತ್ತಿದ್ದೆ. ಜನ ಹೆಸರು ಕೂಗುವಾಗ ಇಂಥ ಮಾತು ಕಿವಿಗೆ ಹೋಗುವುದಿಲ್ಲ.

ಒಂದು ದಿನ ಮದ್ರಾಸಿನಿಂದ ಹೊಸ ನಿಯಮಗಳ ಪುಸ್ತಕ ಬಂತು. ಡ್ರಿಲ್ ಮಾಸ್ಟರ್ ಮೈದಾನದಲ್ಲಿ ನಮ್ಮನ್ನೆಲ್ಲ ಕೂರಿಸಿ ತಮಿಳಿನಲ್ಲಿ ಓದಿ ಹೇಳಿದರು. ಇನ್ನು ಮುಂದೆ ನಡುವಿನಲ್ಲಿ ಎಗರುವುದು ಆಟದ ಶುರುವಿಗೆ ಮಾತ್ರ, ಬುಟ್ಟಿಗೆ ಬಿದ್ದ ಮೇಲೆ ಇಲ್ಲ. ಯಾರ ಬುಟ್ಟಿಗೆ ಬಿತ್ತೋ ಆ ತಂಡದವರು ಬುಟ್ಟಿಯ ಹಿಂದಿನ ಗೆರೆಯಿಂದ ಚೆಂಡು ಎಸೆದು ಆಟ ಮುಂದುವರಿಸುತ್ತಾರೆ. ಭಾವ ಕೈ ಎತ್ತಿ, "ಅಪ್ಪೋ ನಾನ್ ಎನ್ನ ಸಾರ್ ಪಣ್ಣಣುಂ?" ಎಂದರು. ಹಾಗಾದರೆ ನಾನೇನು ಮಾಡಲಿ ಸಾರ್ ಎಂದು ಕೇಳಿದ್ದು ಅಷ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಮಾಸ್ಟರ್ ಮಾತ್ರ ನಗಲಿಲ್ಲ.

ಮಿಲ್ಲಿನ ಮ್ಯಾನೇಜರಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಎಗರುವವನು ಬೇಡವಾದರೆ ಅವನ ಜಾಗಕ್ಕೆ ಓಡುವವನೊಬ್ಬನನ್ನು ತರುವುದು. ಮಾಸ್ಟರ್ ಬೇಡಿಕೊಂಡು ಒಂದು ಪಂದ್ಯದ ಗಡುವು ಪಡೆದರು. ಕೋಯಮತ್ತೂರಿನವರ ಮೇಲಿನ ಮುಂದಿನ ಪಂದ್ಯದಲ್ಲಿ ಭಾವ ನಾಲ್ಕು ಸಲ ಬುಟ್ಟಿಗೆ ಹಾಕಿದರೆ ಉಳಿಯುತ್ತಾರೆ, ಇಲ್ಲದಿದ್ದರೆ ಊರಿಗೆ. ಪಂದ್ಯದ ದಿನ ಮಾಸ್ಟರ್ ನಮ್ಮೆಲ್ಲರ ಮುಂದೆ ಅದನ್ನು ಬಿಡಿಸಿ ಹೇಳಿ, "ಬುಟ್ಟಿ ಕೆಳಗೆ ಅವನು ನಿಂತಿರುತ್ತಾನೆ. ಕೊಡಿ, ಸಾಕು" ಎಂದರು. ಹೇಳಿದ್ದು ಎಲ್ಲರಿಗೆ, ನೋಡಿದ್ದು ನನ್ನನ್ನು. ಚೆಂಡು ಹೆಚ್ಚು ಹೊತ್ತು ಇರುತ್ತಿದ್ದುದು ನನ್ನ ಕೈಯಲ್ಲೇ.

ಅದೇ ದಿನ ಮದ್ರಾಸಿನ ದೊಡ್ಡ ತಂಡವೊಂದರ ಇಬ್ಬರು ಆಟಗಾರರನ್ನು ಆರಿಸಲು ಬಂದು ಕುರ್ಚಿಯಲ್ಲಿ ಕೂತಿದ್ದರು. ಅದೂ ನನಗೆ ಗೊತ್ತಿತ್ತು.

ಮೊದಲ ಅರ್ಧದಲ್ಲಿ ನಾನು ಎರಡು ಸಲ ಭಾವನಿಗೆ ಕೊಟ್ಟೆ. ಎರಡನ್ನೂ ಅವರು ಮೊಟ್ಟೆ ಎತ್ತಿಟ್ಟಷ್ಟು ನಾಜೂಕಾಗಿ ಬುಟ್ಟಿಗೆ ಇಟ್ಟರು. ಇನ್ನೆರಡು ಸಾಕಿತ್ತು. ಎರಡನೆಯ ಅರ್ಧದಲ್ಲಿ ನಾನು ದೂರದಿಂದ ಎಸೆದ ಒಂದು ಚೆಂಡು ಬಿತ್ತು. ಜನ ಎದ್ದು ನಿಂತರು. ನನ್ನ ಹೆಸರು ಶುರುವಾಯಿತು. ಆಮೇಲೆ ನಾಲ್ಕು ಸಲ ಭಾವ ಬುಟ್ಟಿಯ ಕೆಳಗೆ ಒಬ್ಬರೇ ನಿಂತಿದ್ದರು, ಹತ್ತಿರ ಯಾರೂ ಇರಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡು "ಕೊಡು ಲಾ" ಎಂದರು. ಮೂರನೆಯ ಸಲ ಅಷ್ಟೂ ಅನ್ನಲಿಲ್ಲ, ಕೈ ಮಾತ್ರ ಎತ್ತಿದ್ದರು. ನಾಲ್ಕು ಸಲವೂ ನಾನೇ ಎಸೆದೆ. ಎರಡು ಬಿದ್ದವು, ಎರಡು ಬೀಳಲಿಲ್ಲ. ನೋಡಲಿಲ್ಲ, ಗೊತ್ತಾಗಲಿಲ್ಲ ಎಂದು ಬೇಕಾದಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನೋಡಿದ್ದೆ. ಗೊತ್ತಿತ್ತು.

ನಾವು ಗೆದ್ದೆವು. ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಕುಣಿದರು. ಮೇಲಿನಿಂದ ಕುರ್ಚಿಗಳ ಕಡೆ ನೋಡಿದರೆ ಮದ್ರಾಸಿನವರಿಬ್ಬರೂ ಇಲ್ಲ. ರೈಲಿಗೆ ಹೊತ್ತಾಯಿತೆಂದು ಅರ್ಧ ಆಟಕ್ಕೇ ಎದ್ದು ಹೋದರಂತೆ.

ಅಂದು ಅಕ್ಕನ ಮಗುವಿಗೆ ಜ್ವರವಿದ್ದುದರಿಂದ ಅವಳು ಪಂದ್ಯಕ್ಕೆ ಬಂದಿರಲಿಲ್ಲ. ಸಂಜೆ ನಾನು ಮನೆಯ ಹೊರಗೆ ಕಾಲು ತೊಳೆಯುತ್ತಿದ್ದೆ. ಒಳಗೆ ಅಕ್ಕ ಕೇಳುತ್ತಿದ್ದಳು, "ಏನಾಯ್ತು? ನಾಕು ಆಕುದ್ರಾ?"

"ಎಲ್ಡೇ ಆಯ್ತು."

"ಯಾಕೆ? ನನ್ ತಮ್ಮ ಕೊಡ್ಲಿಲ್ವಾ?"

ಚೊಂಬಿನ ನೀರು ನನ್ನ ಕೈಯಲ್ಲೇ ಉಳಿಯಿತು. ಭಾವ, "ಕೊಟ್ಟ, ಕೊಟ್ಟ. ನಾಕು ಸಲ ಕೊಟ್ಟ. ನನ್ ಕೈಗೆ ನಿಲ್ನಿಲ್ಲ, ಬುಟ್ಬುಟ್ಟೆ" ಎಂದರು.

"ಇಷ್ಟುದ್ದ ಕೈ ಯಾಕೆ ಕೊಟ್ನೋ ದ್ಯಾವ್ರು, ಒಂದು ಚೆಂಡು ಇಡಿಯಾಕೆ ಆಗ್ದಿದ್ಮ್ಯಾಲೆ" ಎಂದು ಅಕ್ಕ ಅತ್ತಳು.

ಎರಡು ಹೆಜ್ಜೆ ಒಳಗಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಒಳಗೆ ಹೋಗಿ ತಟ್ಟೆಯ ಮುಂದೆ ಕೂತೆ. ಅಕ್ಕ ಮುದ್ದೆ ಹಾಕಿದಳು, ಉಂಡೆ.

ಮರುದಿನ ಭಾವನನ್ನು ತೆಗೆಯಬೇಡಿ ಎಂದು ಕೇಳಲು ಮ್ಯಾನೇಜರ ಕಚೇರಿಯ ಬಾಗಿಲವರೆಗೆ ಹೋಗಿದ್ದೆ. ನಾಳೆ ಬಾ ಎಂದು ಗುಮಾಸ್ತ ಹೇಳಿದ. ಆ ನಾಳೆಗೆ ನಾನು ಹೋಗಲಿಲ್ಲ. ಅದೇ ವಾರ ಅಕ್ಕ, ಭಾವ, ಮಗು, ಎರಡು ಟ್ರಂಕು, ಒಂದು ಒರಳುಕಲ್ಲು ಊರಿಗೆಂದು ತೊಪ್ಪೂರು ದಾರಿಯ ಬಸ್ಸು ಹತ್ತಿದವು. ಬಸ್ಸಿನೊಳಗೆ ನೆಟ್ಟಗೆ ನಿಲ್ಲಲಾಗದೆ ಭಾವ ಕತ್ತು ಬಗ್ಗಿಸಿಕೊಂಡೇ ನನಗೆ, "ಒತ್ತಿಗೆ ಸರಿಯಾಗಿ ಉಣ್ಣು ಲಾ" ಎಂದರು. ಲೈನಿನ ಮನೆ ನನ್ನ ಹೆಸರಿಗಾಯಿತು.

ಆಮೇಲಿನ ವರ್ಷಗಳಲ್ಲಿ ಎರಡು ಮೂರು ಸಲ ಅವರ ಹಳ್ಳಿಗೆ ಹೋಗಿದ್ದೇನೆ. ಭಾವ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಅವರ ಕೈಯಿಂದ ಏನು ಜಾರಿದರೂ, ಬಿಂದಿಗೆಯಾಗಲಿ, ಹಗ್ಗವಾಗಲಿ, ಅಕ್ಕ ಬಿಡುತ್ತಿರಲಿಲ್ಲ: "ಬುಟ್ರಾ? ಸೇಲಮ್ಮಲ್ಲಿ ಚೆಂಡು ಬುಟ್ಟಂಗೆ?" ಮಕ್ಕಳೂ ಕಲಿತಿದ್ದರು. ನೆರೆಯವರೂ ಕಲಿತಿದ್ದರು. ಭಾವ ಎಲ್ಲರೊಡನೆ ಸೇರಿ ನಗುತ್ತಿದ್ದರು.

ಒಮ್ಮೆ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ತಡೆಯಲಾರದೆ, "ಬಾವ, ಅಕ್ಕಂಗೆ ನಿಜ ಯೋಳ್ಬುಡ್ತೀನಿ" ಎಂದೆ.

ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. "ಬ್ಯಾಡ. ನನ್ನ ಬೈದ್ರೆ ಒಂದು ಗಳಿಗೆ, ಆಮ್ಯಾಲೆ ಅನ್ನ ಇಕ್ತಾಳೆ. ನಿನ್ ಮ್ಯಾಲೆ ಸಿಟ್ಟಾದ್ರೆ ಅವಳಿಗೆ ತವ್ರು ಅಂತ ಯಾರವ್ರೆ ಲಾ?" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಈಗ ಸುರೂಲಿ ಯಾರು ಎಗರ್ತಾರೆ?" ಎಂದು ಕೇಳಿದರು. ಹೇಳಿದೆ. "ಮುಟ್ತಾನಾ?" ಎಂದರು. ನಿಮ್ಮಷ್ಟು ಇಲ್ಲ ಎಂದೆ. ಬಹಳ ಸಂತೋಷಪಟ್ಟರು.

ಮುಂದಿನ ವರ್ಷ ಹಳ್ಳಿಗೆ ವಿಷಮಜ್ವರ ಬಂತು. ನಾನು ಹೋಗಿ ಮುಟ್ಟುವ ಹೊತ್ತಿಗೆ ಭಾವನ ಉದ್ದಕ್ಕೆ ಚಟ್ಟದ ಬಿದಿರು ಸಾಲದೆಂದು ಬೇರೆ ಬಿದಿರು ಕಡಿಯುತ್ತಿದ್ದರು.

ಮೂರನೆಯ ದಿನ ನೆಂಟರೆಲ್ಲ ಹೋದ ಮೇಲೆ ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತಳು. ಬೆಳಗಿನ ಬಿಸಿಲು ಜಗಲಿಗೆ ಬಂದಿತ್ತು. "ಲೇ ತಮ್ಮ, ಒಂದು ಕೇಳ್ತೀನಿ, ನಿಜ ಯೋಳು. ಸಾಯೋಗಂಟ ಅವ್ರನ್ನ ಆಡ್ಕೊಂಡೆ ನಾನು. ಅವತ್ತು ಆ ನಾಕು ಚೆಂಡು ಇಡಿಯಾಕೆ ಆಗ್ದಂಗೆ ಬಂದಿದ್ವಾ? ಇಲ್ಲಾ ಇವ್ರೇ ಬುಟ್ರಾ?"

ತಡೆಯಲು ಭಾವ ಇರಲಿಲ್ಲ. ಅಕ್ಕ ಬಾಯಿಬಿಟ್ಟು ನಿಜವನ್ನೇ ಕೇಳಿದ್ದಳು. ನಾನು ಅವಳ ಮುಖ ನೋಡದೆ, "ನಾನೇ ಜೋರಾಗಿ ಎಸೆದ್ಬುಟ್ಟೆ ಅಕ್ಕ. ಯಾರಾಗಿದ್ರೂ ಬುಡ್ತಿದ್ರು" ಎಂದೆ.

ಅಕ್ಕ ನನ್ನ ತಲೆ ಸವರಿದಳು. "ಓಗ್ಲಿ ಬುಡು. ನೀನೇನು ಬೇಕಂತ ಮಾಡಿದ್ಯಾ? ಕೊಟ್ಟೆ ಅಲ್ವಾ, ಅದೇ ದೊಡ್ದು" ಎಂದಳು.

ಈಗ ಅಕ್ಕನೂ ಹೋಗಿದ್ದಾಳೆ. ಆ ನಾಲ್ಕು ಚೆಂಡುಗಳಲ್ಲಿ ಒಂದನ್ನೂ ನಾನು ಅವಳ ಗಂಡನಿಗೆ ಕೊಟ್ಟಿರಲಿಲ್ಲ ಎಂದು ಅವಳಿಗೆ ಕೊನೆಗೂ ಹೇಳಲಿಲ್ಲ.