ಕ್ಯಾಸೆಟ್ಟಿನಲ್ಲಿ ಸಾಯದ ಹಾವು

ನಮ್ಮ ಮನೆ ಮಾಲಕರ ಬಲಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಬೇರೆಯವರು ಅಲ್ಲಿ ಅತ್ತರು ಇಟ್ಟುಕೊಂಡರೆ ಇವರದು ಸ್ಪಿರಿಟ್ ವಾಸನೆ. ಸಿಂದಗಿಯಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಅವರದು. ಚಿತ್ರ ಮಸುಕಾದರೆ ಸಾಕು, ಕಿವಿಯಿಂದ ಹತ್ತಿ ತೆಗೆದು ವಿಸಿಆರಿನ ಹೆಡ್ ಒರೆಸಿಬಿಡುತ್ತಿದ್ದರು. ಅಲ್ಲಿನ ಶಾಲೆಗೆ ವಿಜ್ಞಾನ ಕಲಿಸಲು ಹೋಗಿದ್ದ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನನಗೆ ಅವರು ಕಾಕಾ, ಅವರಿಗೆ ನಾನು ಅಕ್ಕೋರು.

ಅಬ್ಬಾ, ಎಂಥ ಕುತೂಹಲದ ಮನುಷ್ಯ! ಒಮ್ಮೆ ವಿಜಾಪುರದಿಂದ ಪರದೇಶದ ಒಂದು ಅಗ್ಗದ ಚಿತ್ರದ ಕ್ಯಾಸೆಟ್ ತಂದರು. ಬಸ್ಸಿನಷ್ಟು ಉದ್ದದ ಹಾವು, ಕಂಡಕಂಡವರನ್ನು ನುಂಗುವುದು, ಅಷ್ಟೇ ಕಥೆ. ನಾನು ಚೀರಿದಾಗಲೆಲ್ಲ ಕಾಕಾ ಚಿತ್ರ ನಿಲ್ಲಿಸಿ ಟಿವಿಗೆ ಬೆರಳು ಹಚ್ಚುತ್ತಿದ್ದರು. “ಇಲ್ಲಿ ನೋಡ್ರಿ ಅಕ್ಕೋರ, ಹಗ್ಗ ಕಾಣಾಕತ್ತೈತಿ. ಆ ಕಡಿ ಯಾರೋ ಕುಂತು ಜಗ್ಗಾಕತ್ತಾರ. ಹೊಟ್ಟಿ ನೋಡ್ರಿ, ಟ್ರ್ಯಾಕ್ಟರ್ ಟ್ಯೂಬ್!” ಹಾವಿನ ಕಣ್ಣು ಯಾವುದರಿಂದ ಮಾಡಿರಬಹುದು ಎಂದು ಊಟದ ನಡುವೆಯೂ ಕೇಳುವರು.

ಇಂಥವರು, ಕೊನೆಗೆ ನಾಯಕ ಹಾವಿನ ಮೇಲೆ ಪೆಟ್ರೋಲ್ ಸುರಿದು ಕಡ್ಡಿ ಗೀರುತ್ತಿದ್ದಂತೆ ಟಿವಿ ಆರಿಸಿಬಿಟ್ಟರು! ಮರುದಿನ ಅದೇ ಕ್ಯಾಸೆಟ್ಟಿನಲ್ಲಿ ಅಲ್ಲಿಂದ ಮುಂದಕ್ಕೆ ಟಿವಿಯ ಕೃಷಿ ಕಾರ್ಯಕ್ರಮ ರೆಕಾರ್ಡ್ ಮಾಡಿದರು.

ಅವರ ಹೆಂಡತಿ ಕಾಕೂಗೆ ಆಗ ಐದನೇ ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತು ಉಳಿದಿರಲಿಲ್ಲ. ಹೆಂಡತಿ ಬಸುರಿಯಿದ್ದಾಗ ಗಂಡ ಹಾವು ಕೊಲ್ಲಬಾರದು ಎಂಬುದು ನಮ್ಮ ಕಡೆಯ ರೂಢಿ. ಕಾಕಾ ಅದನ್ನು ಟಿವಿಯ ಹಾವಿಗೂ ಹಚ್ಚಿದರು.

ಆ ಕ್ಯಾಸೆಟ್ ಒಯ್ದಿದ್ದ ತಾಂಬಾದ ಗಿರಾಕಿಯೊಬ್ಬ ಅಂಗಡಿಗೆ ನುಗ್ಗಿದ. “ಹಾವು ಎಲ್ಲಿ ಹೋತ್ರಿ? ತೊಗರಿಗಿ ಎಣ್ಣಿ ಹೊಡ್ಯಾಕತ್ತಾರಲ್ರಿ!”

“ಆ ತೊಗರ್ಯಾಗ ಹೊಕ್ಕೈತಿ ತಗೋ,” ಎಂದರು ಕಾಕಾ. ಮುಖದ ಮೇಲೆ ನಗುವೇ ಇಲ್ಲ.

ನನಗೆ ಸಿಟ್ಟು ಬಂತು. “ರಬ್ಬರ್ ಅಂತ ನೀವ ತೋರಿಸಿದ್ರಲ್ರಿ ಕಾಕಾ?”

“ರಬ್ಬರ್ ಅನ್ನೂದು ಗೊತ್ತೈತ್ರಿ,” ಎಂದರು ಮೆಲ್ಲಗೆ. “ಆದ್ರ ಹೊಟ್ಟ್ಯಾಗಿನ ಕೂಸಿನ ಮ್ಯಾಲ ಪಣ ಕಟ್ಟಾಕ ನನಗ ಧೈರ್ಯ ಇಲ್ರಿ.”

ಮಗಳು ಹುಟ್ಟಿದಳು, ಉಳಿದಳು. ಕಾಕಾ ಇಡೀ ಓಣಿಗೆ ಪೇಡೆ ಹಂಚಿದರು. ತೊಟ್ಟಿಲಿಗೆ ಹಾಕಿದ ದಿನ ನಾನು ಕೆಣಕಿದೆ. “ಇನ್ನರೆ ಬ್ಯಾರೆ ಕ್ಯಾಸೆಟ್ ತಂದು ಹಾವಿನ ಕಡೀ ಕಥಿ ತೋರಸ್ರಿ ಕಾಕಾ.”

“ನೋಡಾಕ ನನಗೂ ಜೀವ ಹಪಹಪಸತೈತ್ರಿ ಅಕ್ಕೋರ,” ಎಂದು ತೊಟ್ಟಿಲು ತೂಗಿದರು. “ಆದ್ರ ಈಕಿ ಇನ್ನಾ ಬೆಳೀಬೇಕಲ್ರಿ.”

ಎಲ್ಲವನ್ನೂ ಬಿಚ್ಚಿ ನೋಡುತ್ತಿದ್ದ ಆ ಮನುಷ್ಯ, ಮಗಳು ಬೆಳೆದು ಮದುವೆಯಾದರೂ, ಅದೊಂದನ್ನು ಮಾತ್ರ ನೋಡಲೇ ಇಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿ ಕಣ್ಣು ತುಂಬ ಅತ್ತು ಬಂದೆ.

ಮೊನ್ನೆ ಸುಮ್ಮನೆ ಫೋನಿನಲ್ಲಿ ಹುಡುಕಿದರೆ ಆ ಚಿತ್ರ ಸಿಕ್ಕಿತು. ಕಾಕಾನ ಪರವಾಗಿ ನಾನಾದರೂ ನೋಡೋಣವೆಂದು ಕೊನೆಯ ಭಾಗಕ್ಕೆ ಓಡಿಸಿದೆ. ನಾಯಕ ಪೆಟ್ರೋಲ್ ಸುರಿಯುತ್ತಿದ್ದ. ವಿಜ್ಞಾನ ಕಲಿಸಿಯೇ ಜೀವನ ಕಳೆದವಳು ನಾನು. ಆದರೆ ಕಾಕಾನ ಮಗಳಿಗೆ ಈಗ ಏಳನೇ ತಿಂಗಳು. ಫೋನ್ ಬಂದ್ ಮಾಡಿದೆ.