ಮೊಳೆಗೆ ತೂಗುತ್ತಿದ್ದ ಏಳು ಪಟ್ಟಿಗಳು

ಹುಣಸೆಹುಳಿಯಲ್ಲಿ ನೆನೆದ ಕಬ್ಬಿಣದ ವಾಸನೆ ಬಂದರೆ ಇಂದಿಗೂ ನನಗೆ ಖಾನಾಪುರದ ಮನೆಯ ಹಿಂದಿದ್ದ ಶೆಡ್ಡು ನೆನಪಾಗುತ್ತದೆ. ಅಪ್ಪನ ತಮ್ಮ ನಾಗಪ್ಪಕಾಕಾ ಅಲ್ಲಿ ಹಳೆಯ ಕಾರುಗಳ ತಗಡಿನ ಮೈ ಬಡಿದು ಸರಿಮಾಡುತ್ತಿದ್ದ. ಆಗ ಅಲ್ಲಿ ಕಾಕತಿಯ ಗೌಡರ ಕರಿಯ ಕಾರು ನಿಂತಿತ್ತು. ದುಂಡು ದೀಪಗಳ, ಹಿಂದುಮುಂದಾಗಿ ತೆರೆಯುವ ಬಾಗಿಲುಗಳ ಗಾಡಿ. ಬಾನೆಟ್ಟು ಮಾತ್ರ ತುಕ್ಕು ತಿಂದು ಜಾಳಾಗಿತ್ತು. ಅಂಥದೇ ಕಾರು ಬೆಳಗಾವಿಯ ಸದಾಶಿವನಗರದ ಒಂದು ಮನೆಯಲ್ಲಿದೆಯೆಂದು ತಿಳಿದು ಕಾಕಾ ನಾಲ್ಕು ರವಿವಾರ ನನ್ನನ್ನೂ ಕರೆದುಕೊಂಡು ಹೋದ. ಅದರ ಬಾನೆಟ್ಟಿನ ಮೇಲೆ ತಗಡಿನ ಪಟ್ಟಿ ಇಟ್ಟು, ಅಂಚನ್ನು ಅದರ ಉಬ್ಬಿಗೆ ಕೂಡುವಂತೆ ಕತ್ತರಿಸಿ, ಎರಡರ ನಡುವೆ ಬೆಳಕೂ ನುಸುಳದ ಹಾಗೆ ಉಬ್ಬಿನ ಅಳತೆ ತೆಗೆದ. "ಗಬ್ಬದ ಎಮ್ಮಿ ಹೊಟ್ಟಿ ಹಂಗ ತುಂಬಿ ಬರಬೇಕವ್ವಿ," ಎನ್ನುತ್ತಿದ್ದ. ಆ ಏಳು ಪಟ್ಟಿಗಳು ಶೆಡ್ಡಿನ ಮೊಳೆಗಳಿಗೆ ತೂಗುತ್ತಿದ್ದವು. ಅಷ್ಟರಲ್ಲಿ ಸದಾಶಿವನಗರದ ಕಾರು ಮಾರಾಟವಾಗಿ ಯಾವುದೋ ದೂರದ ಊರಿಗೆ ಹೋಯಿತು.

ದಸರೆಯಲ್ಲಿ ಹತ್ಯಾರಗಳಿಗೆ ಮಾಡುವ ಖಂಡೇಪೂಜೆಯ ಹಿಂದಿನ ದಿನ. ಆಗ ನನಗೆ ಹತ್ತು ವರ್ಷ. "ಪೂಜಿಗಿ ಇಡೂ ಸಾಮಾನ ತೊಳಿ, ಉಳಿದ ಕಸ ಹೊರಗ ಹಾಕು," ಎಂದು ಕಾಕಾ ಬಣ್ಣ ತರಲು ಬೆಳಗಾವಿಗೆ ಹೋದ. ಸುತ್ತಿಗೆಗಳನ್ನೆಲ್ಲ ಹುಣಸೆಹುಳಿ ಹಚ್ಚಿ ಫಳಫಳ ತಿಕ್ಕಿದೆ. ಪಟ್ಟಿಗಳು ತುಕ್ಕು ಹಿಡಿದಿದ್ದವು. ದೇವರ ಮುಂದೆ ಇಡುವಂತೆ ಕಾಣಲಿಲ್ಲ. ಹಳೆಯ ಕಬ್ಬಿಣ ಕೊಳ್ಳುವ ಭಂಗಾರದವನ ಗಾಡಿ ಬಂತು.

"ತಂಗಿ, ಇದೂ ಭಂಗಾರ ಏನ?" ಎಂದು ಪಟ್ಟಿಗಳತ್ತ ಕೈ ತೋರಿಸಿದ.

"ಹೂಂ, ಒಯ್ರಿ."

ಬದಲಿಗೆ ಬೊಗಸೆ ಖರ್ಜೂರ ಕೊಟ್ಟ. ಸಂಜೆ ಬಂದ ಕಾಕಾನಿಗೂ ಎರಡು ಕೊಟ್ಟೆ. "ಖರೇನ ಭಾಳ ಸವಿ ಅದಾವ. ಭಂಗಾರ ಕೊಟ್ಟು ತಗೊಂಡಿ? ಸಾವಕಾರ್ತಿ ಆದಿ ಬಿಡು," ಎಂದು ನಗುತ್ತ ತಿಂದ. ಏನು ಕೊಟ್ಟೆ ಎಂದು ಕೇಳಲಿಲ್ಲ.

ಮರುದಿನ ಸಾಲಾಗಿ ಇಟ್ಟ ಸುತ್ತಿಗೆಗಳಿಗೆ ವಿಭೂತಿ ಹಚ್ಚುತ್ತಿದ್ದವನು ತಲೆಯೆತ್ತಿ ಗೋಡೆ ನೋಡಿದ. "ಅಳತಿ ಎಲ್ಲವ್ವಿ?" ನಾನು ಅಳತೊಡಗಿದೆ. ಕಾಕಾ ನನ್ನ ಹಣೆಗೂ ಅದೇ ವಿಭೂತಿ ಹಚ್ಚಿ, "ಇರ್ಲಿ. ಕೈಗೆ ನೆನಪೈತಿ," ಎಂದ.

ಕೈಗೆ ನೆನಪಿರಲಿಲ್ಲ. ಮೂರು ಸಲ ಹೊಸ ತಗಡು ಬಡಿದ, ಮೂರು ಸಲವೂ ಕೈಯಾಡಿಸಿ ನೋಡಿ, ನಡುವೆ ಉಬ್ಬು ತುಂಬಿ ಬಂದಿಲ್ಲವೆಂದು ತಲೆಯಾಡಿಸಿದ. ಕೊನೆಗೆ ಗೌಡರೇ, "ಓಡಿದ್ರ ಸಾಕೋ ನಾಗಪ್ಪ," ಎಂದು ಆ ಮೂರನೆಯ ಬಾನೆಟ್ಟಿನೊಂದಿಗೇ ಕಾರು ಒಯ್ದರು. ಆಮೇಲೆ ಕಾಕಾ ಹಳೆಯ ಕಾರು ಮುಟ್ಟಲಿಲ್ಲ. ಸ್ಕೂಟರುಗಳ ನೆಗ್ಗು ತೆಗೆಯುತ್ತ ದಿನ ಕಳೆದ. ತಪ್ಪು ಯಾರದೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅವನು ತೀರಿ ಎರಡು ವರ್ಷವಾಯಿತು. ಹೋದ ತಿಂಗಳು ಬೆಳಗಾವಿಯಲ್ಲಿ ಹಳೆಯ ಕಾರುಗಳನ್ನು ಪ್ರದರ್ಶನಕ್ಕೆಂದು ಸಾಲಾಗಿ ನಿಲ್ಲಿಸಿದ್ದರು. ಗೌಡರ ಕಾರೂ ಇತ್ತು, ಬಾನೆಟ್ಟು ಎತ್ತಿಟ್ಟುಕೊಂಡು. ಜನ ಇಂಜಿನ್ನಿನ ಫೋಟೋ ತೆಗೆಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಗೌಡರ ಮೊಮ್ಮಗಳಿಗೆ, ಒಮ್ಮೆ ಮುಚ್ಚುತ್ತೀರಾ ಎಂದು ಕೇಳಿದೆ.

"ಯಾಕ್ರೀ ಅಕ್ಕಾರ? ಮುಚ್ಚಿದ್ರ ಚಂದ ಕಾಣಂಗಿಲ್ರಿ."

ಆದರೂ ಮುಚ್ಚಿದಳು. ದೀಪಗಳ ನಡುವಿನಿಂದ ಬಾನೆಟ್ಟಿನ ಮೇಲೇರಿದ ಬಿಸಿಲಿನ ಗೆರೆ ಅರ್ಧದಲ್ಲಿ ಕುಸಿದು ಮತ್ತೆ ಎದ್ದಿತು. ಅಲ್ಲಿ ಕೈಯಿಟ್ಟೆ. ಅಂಗೈಯಗಲ ಜಾಗದಲ್ಲಿ ಉಬ್ಬು ಇನ್ನೂ ತುಂಬಿ ಬಂದಿಲ್ಲ.